ಕುದುರೆಗೊಂದು ಜೀನು

ನಮ್ಮ ದೊಡ್ಡಮ್ಮನ ವೀಣೆ ದೇವರಾಯಸಮುದ್ರದ ಮನೆಯ ಅಟ್ಟದಲ್ಲಿ ಹಳೆಯ ಸೀರೆ ಸುತ್ತಿಕೊಂಡು ಎಷ್ಟೋ ವರ್ಷ ಮಲಗಿತ್ತು. ಮುಳಬಾಗಿಲು ಕಡೆಯ ಬೇಸಗೆ ಗೊತ್ತಲ್ಲ! ಹೆಂಚಿನ ಕಾವಿಗೆ ಮೇಣ ಮೆತ್ತಗಾಗಿ ಮೆಟ್ಟಿಲುಗಳು ಜರುಗಿದ್ದವು. ಮೇಳ ಕಟ್ಟಿಸಲು ಮನೆಯಲ್ಲಿ ದುಡ್ಡು ಕೇಳುವುದಕ್ಕೆ ಅವರಿಗೆ ಸಂಕೋಚ. ಅಷ್ಟಕ್ಕೇ ನುಡಿಸುವುದು ನಿಂತಿತು.

ಅದು ಮತ್ತೆ ನೆನಪಾದದ್ದು ಮೊನ್ನೆ. ಮಗ ತನ್ನ ಬೇಸ್ ಗಿಟಾರನ್ನು ತೊಡೆಯ ಮೇಲಿಟ್ಟು ಸ್ಕ್ರೂ ತಿರುಗಿಸುತ್ತಿದ್ದ. “ಬ್ರಿಜ್ಜಿನ ಸ್ಯಾಡಲ್ ಸರಿಮಾಡ್ತಿದೀನಮ್ಮಾ” ಎಂದ. ನನಗೆ ನಗು ಬಂತು. ವೀಣೆಯಲ್ಲಿ ತಂತಿ ಹೊರುವ ಮರದ ತುಂಡನ್ನು ನಾವು ಕುದುರೆ ಎನ್ನುತ್ತೇವೆ. ಅವರು ಅದಕ್ಕೆ ಜೀನನ್ನೂ ಹಾಕಿದ್ದಾರೆ!

ಈ ಜೀನಿಗೂ ಒಂದು ಚರಿತ್ರೆಯಿದೆ. ದೊಡ್ಡ ಡಬಲ್ ಬೇಸ್ ವಾದ್ಯಕ್ಕೆ ಮೆಟ್ಟಿಲುಗಳಿಲ್ಲ, ಕಿವಿಯೇ ಗತಿ. 1951ರಲ್ಲಿ ಅಮೆರಿಕದ ಲಿಯೋ ಫೆಂಡರ್ ಮೆಟ್ಟಿಲುಳ್ಳ ವಿದ್ಯುತ್ ಬೇಸನ್ನು ಮಾರುಕಟ್ಟೆಗೆ ತಂದು ‘ಪ್ರಿಸಿಷನ್’, ಎಂದರೆ ಕರಾರುವಾಕ್ಕು ಎಂದು ಹೆಸರಿಟ್ಟ. ಆದರೆ ನಾಲ್ಕು ತಂತಿಗಳಿಗೆ ಎರಡೇ ಜೀನು. ತಂತಿಯನ್ನು ಒತ್ತಿದಾಗ ಅದು ಬಿಗಿದು ಸ್ವರ ತುಸು ಏರುತ್ತದೆ, ಒಂದೊಂದು ದಪ್ಪದ ತಂತಿಯಲ್ಲಿ ಒಂದೊಂದಷ್ಟು. ಜೋಡಿಯಲ್ಲಿ ಒಂದನ್ನು ಸರಿಮಾಡಿದರೆ ಇನ್ನೊಂದು ತಪ್ಪುತ್ತಿತ್ತು. ಪ್ರತಿ ತಂತಿಗೂ ತನ್ನದೇ ಜೀನು ಸಿಕ್ಕಿದ್ದು 1957ರಲ್ಲಿ.

ಮಗ ತೋರಿಸಿದ. ಹನ್ನೆರಡನೆಯ ಮೆಟ್ಟಿಲ ನೇರಕ್ಕೆ ತಂತಿಯನ್ನು ಸುಮ್ಮನೆ ಸೋಕಿ ಮೀಟಬೇಕು. ಆಮೇಲೆ ಅಲ್ಲೇ ಒತ್ತಿ ಮೀಟಬೇಕು. ಒತ್ತಿದ ಸ್ವರ ಏರಿದ್ದರೆ ಜೀನನ್ನು ಹಿಂದಕ್ಕೆ ಸರಿಸಿ ತಂತಿಯ ಉದ್ದ ಹೆಚ್ಚಿಸಬೇಕು, ಇಳಿದಿದ್ದರೆ ಮುಂದಕ್ಕೆ. ಜೀನು ತೀರಾ ತಗ್ಗಿದರೆ ತಂತಿ ಝೇಂಕರಿಸುತ್ತದೆ, ಎತ್ತರವಾದರೆ ಬೆರಳು ನೋಯುತ್ತದೆ.

ನಮ್ಮ ವೀಣೆಯ ರೀತಿ ತಿರುಗುಮುರುಗು. ಕುದುರೆ ನಿಂತಲ್ಲೇ ನಿಲ್ಲುತ್ತದೆ. ಸರಿಯುವುದು 24 ಮೆಟ್ಟಿಲುಗಳು. ಕಪ್ಪು ಮೇಣದಲ್ಲಿ ಒಂದೊಂದನ್ನೂ ಕಿವಿಗೊಟ್ಟು ಕೂರಿಸಬೇಕು. ಮಗ ಅಂಜುವ ಝೇಂಕಾರವೇ ನಮಗೆ ಬೇಕಾದ ನಾದ. ಕುದುರೆಯ ಮೇಲಿನ ಲೋಹದ ಪಟ್ಟಿಗೆ ಸಣ್ಣ ಉಬ್ಬು ಇರುವುದರಿಂದ ಕಂಪಿಸುವ ತಂತಿ ಅದನ್ನು ಸವರುತ್ತದೆ. ಹಾಗಾಗಿ ಎಲ್ಲಿ ಮೀಟಿದರೂ ಸ್ವರಾಂಶಗಳೆಲ್ಲ ತುಂಬಿ ಕೇಳುತ್ತವೆಂದು ಸಿ.ವಿ. ರಾಮನ್ 1921ರಲ್ಲೇ, ನೊಬೆಲ್‌ಗೆ ಒಂಬತ್ತು ವರ್ಷ ಮೊದಲು, ತಂಬೂರಿ–ವೀಣೆಗಳನ್ನು ಪರೀಕ್ಷಿಸಿ ಬರೆದರು.

ದೊಡ್ಡಮ್ಮ ಈಗಿಲ್ಲ. ಕಳೆದ ತಿಂಗಳು ವೀಣೆಯನ್ನು ಅಟ್ಟದಿಂದ ಇಳಿಸಿ ಹೊಸದಾಗಿ ಮೇಳ ಕಟ್ಟಿಸಿದೆ. ಖರ್ಚು ಒಂದು ಸಾಧಾರಣ ರೇಷ್ಮೆ ಸೀರೆಯಷ್ಟೂ ಆಗಲಿಲ್ಲ. ಅದಕ್ಕೇ ಹೊಟ್ಟೆಯಲ್ಲಿ ಸಂಕಟ.