ನೂಲಿನ ಸಾಮ್ರಾಜ್ಯದ ಅವಸಾನ

1881ರಲ್ಲಿ ಅರ್ಧ ಶತಮಾನದ ಕಮಿಷನರ್ ಆಳ್ವಿಕೆ ಮುಗಿದು ಮೈಸೂರು ಸಿಂಹಾಸನವು ಒಡೆಯರ ವಂಶಕ್ಕೆ ಮರಳಿದಾಗ, ಚಾಮರಾಜೇಂದ್ರರ ಬೆಂಗಳೂರಿನಲ್ಲಿ ಹೊಸ ಬಗೆಯ ದುರ್ಗಗಳು ತಲೆಯೆತ್ತಿದವು. ಶೇಷಾದ್ರಿ ಅಯ್ಯರ್ ದಿವಾನಗಿರಿ ವಹಿಸಿದ ಮರುವರ್ಷವೇ, 1884ರಲ್ಲಿ, ಎರಡು ಗಿರಣಿಗಳಿಗೆ ಅಸ್ತಿಭಾರ ಬಿತ್ತು. ಮಲ್ಲೇಶ್ವರದ ಅಂಚಿನದು ಜನರ ಬಾಯಲ್ಲಿ ರಾಜಾಮಿಲ್ ಆಯಿತು. ಪೇಟೆಯ ಪಶ್ಚಿಮದ ಉಣ್ಣೆ, ಹತ್ತಿ, ರೇಷ್ಮೆಯ ಗಿರಣಿಯನ್ನು ಎರಡೇ ವರ್ಷದಲ್ಲಿ ಮದರಾಸಿನ ಬಿನ್ನಿ ವರ್ತಕರು ಕೈವಶ ಮಾಡಿಕೊಂಡರು. ಅರಸರ ಪೇಟೆಗೆ ಪರದೇಶಿ ವರ್ತಕನ ಹೆಸರು ಅಂಟಿಕೊಂಡದ್ದು ಹೀಗೆ. ಮಹಾಯುದ್ಧಗಳ ಕಾಲದಲ್ಲಿ ಸೈನ್ಯದ ಬಟ್ಟೆ ಇಲ್ಲಿಂದ ಹೊರಟಿತು. ಪಾಳಿ ಮುಗಿಸಿ ಗೇಟು ದಾಟುವ ಕಾರ್ಮಿಕರ ತಲೆಗೂದಲಿಗೆ, ಹುಬ್ಬಿಗೆ, ಕಣ್ಣರೆಪ್ಪೆಗೆ ಹತ್ತಿಯ ಎಳೆ ಕವಿದಿರುತ್ತಿತ್ತು; ಇಪ್ಪತ್ತರ ಯುವಕನೂ ನರೆತವನಂತೆ ಮನೆ ಸೇರುತ್ತಿದ್ದ. ಆ ಸಾಮ್ರಾಜ್ಯದ ಕಪ್ಪಕಾಣಿಕೆಯನ್ನು ಅಕ್ಷರಶಃ ಮೈಮೇಲೆ ಹೊತ್ತವರು ಅವರು.

ಯಂತ್ರ ಹಳತಾಯಿತು, ಸಾಲ ಬೆಳೆಯಿತು, ವಿದ್ಯುತ್‌ಮಗ್ಗಗಳ ಅಗ್ಗದ ಬಟ್ಟೆ ಸಂತೆಯನ್ನು ಗೆದ್ದಿತು. ಹೀಗೆ ಸೊರಗಿದ ಬೆಂಗಳೂರಿನ ಮತ್ತೊಂದು ಗಿರಣಿ, ಮಿನರ್ವ ಮಿಲ್ಲನ್ನು 1971ರಲ್ಲಿ ಕೇಂದ್ರ ಸರ್ಕಾರ ವಹಿಸಿಕೊಂಡು, 1974ರಲ್ಲಿ ರಾಷ್ಟ್ರೀಕರಿಸಿತು. ಮಾಲೀಕರು ಹೂಡಿದ ದಾವೆಯಲ್ಲಿ 1980ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತು, ಸಂವಿಧಾನ ತಿದ್ದುವ ಸಂಸತ್ತಿನ ಅಧಿಕಾರಕ್ಕೂ ಎಲ್ಲೆಯುಂಟೆಂದು ಸಾರಿತು. ಭಾರತದ ಕಾನೂನು ವಿದ್ಯಾರ್ಥಿಗಳೆಲ್ಲ ಇಂದಿಗೂ ಕಲಿಯುವ ಹೆಸರು ಅದು. ಪ್ರಜೆಗಳ ಹಕ್ಕಿಗೆ ಅಷ್ಟು ದೊಡ್ಡ ಕಾಪು ಕೊಟ್ಟ ಗಿರಣಿಗೆ ತನ್ನ ಮಗ್ಗಗಳನ್ನೇ ಕಾಯ್ದುಕೊಳ್ಳಲಾಗದೆ ಹೋದದ್ದು ವಿಧಿಯ ವಿಪರ್ಯಾಸ. ಕೊನೆಗೆ ಅದರ ಖಾಲಿ ಅಂಗಳದಲ್ಲಿ ಚಲನಚಿತ್ರಗಳ ಸೆಟ್ಟುಗಳೆದ್ದವು; ನಾಯಕರು ಖಳರನ್ನು ಬಡಿದರು.

ಅಷ್ಟರಲ್ಲಿ ನಗರ ಬೆಳೆದು ಗಿರಣಿಗಳನ್ನು ನಡುವೂರಿಗೆ ಎಳೆದುಕೊಂಡಿತ್ತು. ನೂರು ವರ್ಷ ನೇಯ್ದ ಬಟ್ಟೆಗಿಂತ ಕಾಲಡಿಯ ಮಣ್ಣೇ ಬೆಲೆಯುಳ್ಳದ್ದಾಯಿತು. ಗಿರಣಿಗಳ ಗತಿಯನ್ನು ನಿರ್ಣಯಿಸಿದ್ದು ಅದೇ ಎಂಬುದು ನನ್ನ ಮತ. ನಷ್ಟದ ಲೆಕ್ಕವೆಲ್ಲ ಅದಕ್ಕೆ ಹಿಡಿದ ಛತ್ರಿ. ರಾಜಾಮಿಲ್ ನೆಲದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು, ಮಗ್ಗುಲಲ್ಲೇ ವಸತಿ ಸಮುಚ್ಚಯಗಳೆದ್ದವು, 2014ರಲ್ಲಿ ಮೆಟ್ರೊ ಬಂದು ನಿಂತಿತು. ಬಿನ್ನಿಯ ನೆಲದಲ್ಲೂ ಮಾಲ್, ಅಪಾರ್ಟ್‌ಮೆಂಟುಗಳು. ಮನೆ, ಅಂಗಡಿ, ಸಿನಿಮಾ, ರೈಲು ಒಂದೆಡೆ ಸೇರಿದ ಈ ಹೊಸ ಪೇಟೆಗಳನ್ನು ನಾನು ನಿಂದಿಸಲಾರೆ. ನಗರಕ್ಕೆ ಅವು ಬೇಕಿದ್ದವು. ಆದರೆ ಅಷ್ಟು ವಿಶಾಲ ಅಂಗಳದಲ್ಲಿ ಒಂದು ಮಗ್ಗವನ್ನಿರಿಸಲು ಹತ್ತಡಿ ಜಾಗ ಸಿಗಲಿಲ್ಲವೆಂದರೆ ನಂಬುವುದು ಹೇಗೆ? ಮೆಟ್ರೊ ನಿಲ್ದಾಣದ ಫಲಕದಲ್ಲಿ ಮಾಲಿನ ಹೆಸರಿದೆ, ಸಂಪಿಗೆ ರಸ್ತೆಯ ಹೆಸರಿದೆ, ಮಿಲ್ಲಿನದಿಲ್ಲ.