ಬೆಕ್ಕಿನ ಮರಿಯ ನೆಗಡಿ: ಒಂದು ಆರೈಕೆಯ ಚರಿತ್ರೆ

ಪ್ರಾಣಿವೈದ್ಯದ ಚರಿತ್ರೆಯಲ್ಲಿ ಬೆಕ್ಕಿಗೆ ಸ್ಥಾನ ದೊರೆತದ್ದು ಬಹಳ ತಡವಾಗಿ. ಉಳುಮೆಗೆ ಎತ್ತು, ಹೈನಿಗೆ ಹಸು, ದಂಡಿಗೆ ಆನೆ ಕುದುರೆಗಳು ಬೇಕಾಗಿದ್ದ ಸಮಾಜಗಳು ಆ ಪ್ರಾಣಿಗಳ ರೋಗಗಳನ್ನು ಕುರಿತು ಗ್ರಂಥಗಳನ್ನೇ ಬರೆಸಿದವು. ಕನ್ನಡದಲ್ಲಿಯೂ ಚಾಲುಕ್ಯ ರಾಜಕುಮಾರ ಕೀರ್ತಿವರ್ಮನ ‘ಗೋವೈದ್ಯ’ ದನಕರುಗಳ ಚಿಕಿತ್ಸೆಯನ್ನು ಹೇಳಿತು. ಮುಂದೆ ಅಭಿನವಚಂದ್ರನು ಕುದುರೆಗಳ ವೈದ್ಯವನ್ನು ಬರೆದನು. 1761ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಕ್ಲೋದ್ ಬೂರ್ಜೆಲಾನ ಪಶುವೈದ್ಯ ಶಾಲೆಗೆ ಅನುಮತಿ ದೊರೆತಾಗಲೂ, 1791ರಲ್ಲಿ ಲಂಡನ್ನಿನಲ್ಲಿ ಅಂಥದೇ ಕಾಲೇಜು ಹುಟ್ಟಿದಾಗಲೂ ಕಲಿಕೆಯ ಕೇಂದ್ರದಲ್ಲಿದ್ದದ್ದು ಕುದುರೆ ಮತ್ತು ದನಗಳೇ. ಇಲಿ ಹಿಡಿಯುವುದಕ್ಕೆಂದು ಕಣಜದಲ್ಲೋ ಅಡುಗೆಮನೆಯಲ್ಲೋ ಇದ್ದ ಬೆಕ್ಕಿನ ಮರಿ ಸೀನುತ್ತ, ಕಣ್ಣು ಗೀಜುಗಟ್ಟಿ, ಮೂಲೆ ಸೇರಿ ಸತ್ತರೆ ಅದರ ಕಾರಣವನ್ನು ಹುಡುಕುವ ವಿದ್ವಾಂಸರು ವಿರಳವಾಗಿದ್ದರು, ಏಕೆಂದರೆ ಇನ್ನೊಂದು ಮರಿಗೆ ಯಾರೂ ಬೆಲೆ ತೆರಬೇಕಾಗಿರಲಿಲ್ಲ.

ಈ ಸ್ಥಿತಿ ಬದಲಾಗತೊಡಗಿದ್ದು ಇಂಗ್ಲೆಂಡಿನಲ್ಲಿ. 1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ಚಿತ್ರಕಾರ ಹ್ಯಾರಿಸನ್ ವೇರ್ ಏರ್ಪಡಿಸಿದ ಬೆಕ್ಕುಗಳ ಪ್ರದರ್ಶನವು ಈ ಪ್ರಾಣಿಗೆ ತಳಿ, ಬಹುಮಾನ ಮತ್ತು ಮಾರುಕಟ್ಟೆಯ ಬೆಲೆಯನ್ನು ತಂದುಕೊಟ್ಟಿತು. 1887ರಲ್ಲಿ ಬೆಕ್ಕು ಸಾಕುವವರ ರಾಷ್ಟ್ರೀಯ ಸಂಘವೂ ಸ್ಥಾಪನೆಯಾಯಿತು. ಬ್ರಿಟಿಷ್ ನೌಕಾದಳದ ವೈದ್ಯನಾಗಿದ್ದ ಗಾರ್ಡನ್ ಸ್ಟೇಬಲ್ಸ್ 1870ರ ದಶಕದಲ್ಲಿಯೇ ಬೆಕ್ಕುಗಳನ್ನು ಕುರಿತು ಬರೆದ ಪುಸ್ತಕದಲ್ಲಿ ಅವುಗಳ ಕಾಯಿಲೆಗಳಿಗೆ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಆದರೆ ಪ್ರದರ್ಶನಗಳು ಬೆಲೆಯೊಂದಿಗೆ ಸೋಂಕನ್ನೂ ತಂದವು. ಬೇರೆ ಬೇರೆ ಊರುಗಳ ಬೆಕ್ಕುಗಳನ್ನು ರೈಲಿನಲ್ಲಿ ಬುಟ್ಟಿಗಳೊಳಗೆ ಸಾಗಿಸಿ, ಒಂದೇ ಸಭಾಂಗಣದಲ್ಲಿ ಪಂಜರಗಳನ್ನು ಅಕ್ಕಪಕ್ಕ ಜೋಡಿಸಿ, ಸಂಜೆಗೆ ಮತ್ತೆ ಮರಿಗಳಿರುವ ಮನೆಗೆ ಕರೆದೊಯ್ಯುವ ಪದ್ಧತಿಗಿಂತ ನೆಗಡಿ ಹರಡಲು ಅನುಕೂಲವಾದ ಏರ್ಪಾಡು ಇನ್ನೊಂದಿರಲಾರದು.

ಆ ಕಾಲದ ಸಾಕಣೆದಾರರಿಗೆ, ಅವರಲ್ಲಿ ಬಹಳಷ್ಟು ಮಂದಿ ಮಹಿಳೆಯರು, ರೋಗದ ಕಾರಣ ತಿಳಿದಿರಲಿಲ್ಲ. ಆದರೂ ಆರೈಕೆಯ ವಿಷಯದಲ್ಲಿ ಅವರು ಕಂಡುಕೊಂಡ ದಾರಿ ಬಹುಮಟ್ಟಿಗೆ ಸರಿಯಾಗಿತ್ತು. ಮರಿಯನ್ನು ಉಳಿದವುಗಳಿಂದ ಬೇರ್ಪಡಿಸಿ ಬೆಚ್ಚಗಿಡುವುದು, ಕಣ್ಣು ಮೂಗುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸುವುದು, ಮಾಂಸದ ಸಾರನ್ನು ಸ್ವಲ್ಪ ಸ್ವಲ್ಪವಾಗಿ ಕುಡಿಸುವುದು, ಇವೇ ಅವರ ಮುಖ್ಯ ಉಪಚಾರಗಳು. ಇವು ಫಲ ಕೊಡುವುದಕ್ಕೆ ಬೆಕ್ಕಿನ ದೇಹಧರ್ಮದಲ್ಲಿಯೇ ಕಾರಣವಿದೆ. ಬೆಕ್ಕು ಆಹಾರವನ್ನು ಆಯ್ದುಕೊಳ್ಳುವುದು ಮುಖ್ಯವಾಗಿ ವಾಸನೆಯಿಂದ, ಹೀಗಾಗಿ ಮೂಗು ಕಟ್ಟಿದ ಮರಿಗೆ ಎದುರಿಗಿಟ್ಟ ಊಟವೂ ಊಟವೆನಿಸುವುದಿಲ್ಲ. ನಾಲಿಗೆಯಲ್ಲಿ ಹುಣ್ಣಾಗಿದ್ದರೆ ನುಂಗುವುದೂ ಕಷ್ಟ. ಎಳೆಯ ಮರಿಯ ಮೈಯಲ್ಲಿ ಕೊಬ್ಬಿನ ಸಂಗ್ರಹ ಅತ್ಯಲ್ಪವಾದ್ದರಿಂದ ಒಂದೆರಡು ದಿನಗಳ ಉಪವಾಸವೇ ಅದರ ಶಾಖವನ್ನೂ ನೀರಿನಂಶವನ್ನೂ ಕಸಿದುಕೊಳ್ಳುತ್ತದೆ. ಅನೇಕ ಮರಿಗಳು ಸಾಯುವುದು ರೋಗಾಣುವಿನ ನೇರ ಹೊಡೆತದಿಂದಷ್ಟೇ ಅಲ್ಲ, ಹಸಿವು ಮತ್ತು ಬಾಯಾರಿಕೆಗಳಿಂದಲೂ ಹೌದು. ಬೆಚ್ಚಗೆ ಮಾಡಿದ ಸಾರಿನ ಗಾಢವಾದ ಪರಿಮಳ ಕಟ್ಟಿದ ಮೂಗನ್ನೂ ದಾಟಿ ಹೋಗಬಲ್ಲುದೆಂಬುದನ್ನು ಆ ಮಹಿಳೆಯರು ಅನುಭವದಿಂದ ಅರಿತಿದ್ದರು. ಪಶುವೈದ್ಯದ ಚರಿತ್ರೆಗಳು ಶೋಧಕರ ಹೆಸರುಗಳನ್ನು ದಾಖಲಿಸುವಷ್ಟು ಆದರದಿಂದ ಈ ಅರಿವನ್ನು ದಾಖಲಿಸಿಲ್ಲವೆಂಬುದು ಖೇದಕರ.

ಇಪ್ಪತ್ತನೆಯ ಶತಮಾನದಲ್ಲಿ ಎರಡು ಬೆಳವಣಿಗೆಗಳು ಬೆಕ್ಕನ್ನು ಚಿಕಿತ್ಸಾಲಯದ ಬಾಗಿಲಿಗೆ ತಂದವು. 1917ರಲ್ಲಿ ಮಾರಿಯಾ ಡಿಕಿನ್ ಲಂಡನ್ನಿನ ವೈಟ್‌ಚಾಪೆಲ್ ಬಡಾವಣೆಯ ನೆಲಮಾಳಿಗೆಯೊಂದರಲ್ಲಿ ಬಡವರ ಪ್ರಾಣಿಗಳಿಗಾಗಿ ಉಚಿತ ಔಷಧಾಲಯವನ್ನು ತೆರೆದಳು. ಇನ್ನೊಂದೆಡೆ ಮೋಟಾರು ವಾಹನಗಳು ಹೆಚ್ಚಿದಂತೆ ನಗರದ ಕುದುರೆಗಳು ಕಣ್ಮರೆಯಾದವು. ಅವುಗಳನ್ನೇ ನಂಬಿದ್ದ ಪಶುವೈದ್ಯರು ನಾಯಿ ಬೆಕ್ಕುಗಳತ್ತ ತಿರುಗಿದರು. ನ್ಯೂಯಾರ್ಕಿನಲ್ಲಿ ಲೂಯಿ ಕ್ಯಾಮುಟಿ ಎಂಬ ವೈದ್ಯನು ಬೆಕ್ಕುಗಳಿಗೆಂದೇ ತನ್ನ ವೃತ್ತಿಯನ್ನು ಮೀಸಲಿಟ್ಟು, ಮನೆಮನೆಗೆ ಹೋಗಿ ಅವುಗಳನ್ನು ನೋಡುತ್ತಿದ್ದನು.

ರೋಗಕಾರಣದ ಶೋಧ ನೇರವಾಗಿ ಸಾಗಲಿಲ್ಲ. 1942ರಲ್ಲಿ ಅಮೆರಿಕದ ಜೇಮ್ಸ್ ಬೇಕರ್ ನ್ಯುಮೋನಿಯಾ ತಗುಲಿದ ಬೆಕ್ಕುಗಳಿಂದ ಒಂದು ರೋಗಾಣುವನ್ನು ಬೇರ್ಪಡಿಸಿದನು. ಆಗ ವೈರಸ್ ಎಂದು ಭಾವಿಸಲಾದ ಅದು ಜೀವಕೋಶಗಳ ಒಳಗೇ ಬೆಳೆಯುವ ಕ್ಲಮೈಡಿಯ ಎಂಬ ಬ್ಯಾಕ್ಟೀರಿಯವೆಂದು ಅನಂತರ ಸ್ಥಿರಪಟ್ಟಿತು. ಬೆಕ್ಕಿನ ನೆಗಡಿಗೆಲ್ಲ ಇದೇ ಮೂಲವೆಂಬ ನಂಬಿಕೆ ಕೆಲವು ಕಾಲ ನಡೆಯಿತಾದರೂ, ಅದು ಪ್ರಧಾನವಾಗಿ ಕಣ್ಣಿನ ಉರಿಯೂತವನ್ನು ಉಂಟುಮಾಡುತ್ತದೆಂದು ಇಂದು ತಿಳಿದಿದೆ. ನಿಜವಾದ ತಿರುವು ಒದಗಿದ್ದು ಮಕ್ಕಳ ಪೋಲಿಯೊ ಸಂಶೋಧನೆಯಿಂದ. ಪ್ರಾಣಿಯ ದೇಹದ ಹೊರಗೆ, ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ವೈರಸ್ಸನ್ನು ವೃದ್ಧಿಪಡಿಸುವ ಅಂಗಾಂಶ ಕೃಷಿ ಎಂಬ ವಿಧಾನವನ್ನು ಜಾನ್ ಎಂಡರ್ಸ್ ಮತ್ತು ಆತನ ಸಂಗಡಿಗರು 1949ರಲ್ಲಿ ಪೋಲಿಯೊ ವೈರಸ್ಸಿಗೆ ಅನ್ವಯಿಸಿ ಯಶಸ್ವಿಯಾದ ಮೇಲೆ, ಅದೇ ವಿಧಾನ ಪ್ರಾಣಿರೋಗಗಳ ಪ್ರಯೋಗಾಲಯಗಳಿಗೂ ಹಬ್ಬಿತು. 1957ರಲ್ಲಿ ನ್ಯೂಜಿಲೆಂಡಿನ ಫಾಸ್ಟಿಯರ್, ಇಂದು ಕ್ಯಾಲಿಸಿವೈರಸ್ ಎನಿಸಿಕೊಂಡಿರುವ, ಬಾಯಿ ನಾಲಿಗೆಗಳಲ್ಲಿ ಹುಣ್ಣೆಬ್ಬಿಸುವ ವೈರಸ್ಸನ್ನು ವರದಿ ಮಾಡಿದನು. ಮರುವರ್ಷ ಅಮೆರಿಕದ ಕ್ರಾಂಡೆಲ್ ಮತ್ತು ಮೌರರ್, ಮೂಗು, ಗಂಟಲು ಮತ್ತು ಕಣ್ಣುಗಳನ್ನು ಬಾಧಿಸುವ ಬೆಕ್ಕಿನ ಹರ್ಪಿಸ್ ವೈರಸ್ಸನ್ನು ಪ್ರಕಟಪಡಿಸಿದರು. ಬೆಕ್ಕುಗಳ ನೆಗಡಿಯಲ್ಲಿ ಬಹುಪಾಲು ಈ ಎರಡರಿಂದಲೇ ಬರುವಂಥದು, ಮನುಷ್ಯರ ನೆಗಡಿಗೂ ಇವಕ್ಕೂ ಸಂಬಂಧವಿಲ್ಲ.

ವೈರಸ್ ಸಿಕ್ಕಿದರೂ ಒಂದು ಒಗಟು ಉಳಿದಿತ್ತು. ಹೊರಗಿನ ಬೆಕ್ಕುಗಳ ಸಂಪರ್ಕವೇ ಇಲ್ಲದ ಮನೆಯಲ್ಲಿ, ಆರೋಗ್ಯವಾಗಿ ಕಾಣುವ ತಾಯಿಗೆ ಹುಟ್ಟಿದ ಮರಿಗಳೂ ನೆಗಡಿಗೆ ತುತ್ತಾಗುತ್ತಿದ್ದವು. 1970ರ ದಶಕದಲ್ಲಿ ಗ್ಯಾಸ್ಕೆಲ್ ಮತ್ತು ಪೋವೇ ನಡೆಸಿದ ಪ್ರಯೋಗಗಳು ಇದನ್ನು ಬಿಡಿಸಿದವು: ಒಮ್ಮೆ ಹರ್ಪಿಸ್ ತಗುಲಿ ಗುಣವಾದ ಬೆಕ್ಕಿನ ದೇಹದಿಂದ ವೈರಸ್ ಹೊರಟುಹೋಗುವುದಿಲ್ಲ, ಅದು ಸುಪ್ತವಾಗಿ ಉಳಿದು, ಸ್ಥಳ ಬದಲಾವಣೆ, ಹೆರಿಗೆ ಮತ್ತು ಹಾಲೂಡಿಕೆಯಂಥ ಒತ್ತಡಗಳಲ್ಲಿ ಮತ್ತೆ ಸ್ರವಿಸತೊಡಗುತ್ತದೆ. ಮರಿಯನ್ನು ನೆಕ್ಕಿ ಸಾಕುವ ತಾಯಿಯೇ ಅರಿಯದೆ ಅದಕ್ಕೆ ರೋಗವನ್ನು ದಾಟಿಸುತ್ತಾಳೆ. ಅದೇ ತಾಯಿಯ ಮೊದಲ ಹಾಲಿನಲ್ಲಿ ರೋಗವನ್ನು ತಡೆಯುವ ಪ್ರತಿಕಾಯಗಳೂ ಇರುತ್ತವೆ. ಅವು ಕೆಲವು ವಾರಗಳಲ್ಲಿ ಕುಂದುತ್ತವೆ, ಆದರೆ ಇರುವವರೆಗೆ ಲಸಿಕೆಯ ಪರಿಣಾಮಕ್ಕೂ ಅಡ್ಡಿಯಾಗುತ್ತವೆ. 1970ರ ದಶಕದ ಮಧ್ಯಭಾಗದಿಂದ ಬಳಕೆಗೆ ಬಂದ ಲಸಿಕೆಯನ್ನು ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳ ಅಂತರದಲ್ಲಿ ಹದಿನಾರು ವಾರಗಳವರೆಗೆ ಮರುಕಳಿಸುವುದು ಈ ಕಾರಣಕ್ಕಾಗಿಯೇ. ಲಸಿಕೆ ರೋಗದ ತೀವ್ರತೆಯನ್ನು ತಗ್ಗಿಸುತ್ತದೆ. ಸೋಂಕನ್ನು ಪೂರ್ತಿಯಾಗಿ ತಡೆಯುವುದಿಲ್ಲ.

ಕರ್ನಾಟಕದಲ್ಲಿ ಆಧುನಿಕ ಪಶುವೈದ್ಯವು ಬೆಳೆದದ್ದೂ ದನಗಳ ಸುತ್ತಲೇ. 1925ರಲ್ಲಿ ಸ್ಥಾಪಿತವಾದ ಮೈಸೂರು ಸೀರಂ ಸಂಸ್ಥೆಯ ಎದುರಿಗಿದ್ದದ್ದು ಹಟ್ಟಿಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗ. ಹೆಬ್ಬಾಳದ ಪಶುವೈದ್ಯ ಕಾಲೇಜು ಆರಂಭವಾದದ್ದು 1958ರಲ್ಲಿ, ಬೆಕ್ಕಿನ ಹರ್ಪಿಸ್ ವೈರಸ್ ಪತ್ತೆಯಾದ ವರ್ಷವೇ. ಇಂದು ಬೆಕ್ಕು ಸಾಕುವ ಮನೆಗಳು ನಗರಗಳಲ್ಲಿ ಹೆಚ್ಚಿವೆ, ಆದರೆ ಮನುಷ್ಯರ ನೆಗಡಿಯ ಮದ್ದನ್ನೇ ಮರಿಗೂ ಕೊಡುವ ಅಭ್ಯಾಸ ಇನ್ನೂ ಹೋಗಿಲ್ಲ, ಮತ್ತು ಇದು ಪ್ರಾಣಾಪಾಯಕರ. ಪ್ಯಾರಾಸಿಟಮಾಲನ್ನು ನಿರ್ವಿಷಗೊಳಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತೀರ ಕಡಿಮೆಯಾದ್ದರಿಂದ ಅರ್ಧ ಮಾತ್ರೆಯೂ ಅದನ್ನು ಕೊಲ್ಲಬಲ್ಲುದು. ಕರ್ಪೂರ ಮತ್ತು ನೀಲಗಿರಿ ಎಣ್ಣೆಯ ಮುಲಾಮುಗಳೂ, ಬೆಕ್ಕು ಮೈ ನೆಕ್ಕಿಕೊಳ್ಳುವ ಪ್ರಾಣಿಯಾದ್ದರಿಂದ, ವಿಷವಾಗುತ್ತವೆ. ಮರಿಗೆ ನೆಗಡಿಯಾದಾಗ ಅದನ್ನು ಬೆಚ್ಚಗಿಟ್ಟು, ಮೂಗು ಕಣ್ಣುಗಳನ್ನು ಒರೆಸಿ, ವಾಸನೆಯುಳ್ಳ ಬೆಚ್ಚಗಿನ ಆಹಾರವನ್ನು ಕೊಡುವ ಹಳೆಯ ಉಪಚಾರವನ್ನು ಯಾರು ಬೇಕಾದರೂ ಮಾಡಬಹುದು. ಮರಿ ಒಂದು ದಿನ ಏನನ್ನೂ ತಿನ್ನದಿದ್ದರೆ, ಬಾಯಿ ತೆರೆದು ಉಸಿರಾಡಿದರೆ ಅಥವಾ ಕಣ್ಣು ಬಿಡಲಾರದಿದ್ದರೆ, ಮರುದಿನಕ್ಕೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು.