ಬಯಲಾಟದ ಸೀಮೆಯಿಂದ ಬೆಳ್ಳಿತೆರೆಗೆ: ಚಂದ್ರಶೇಖರ ಕಂಬಾರರ ಚಿತ್ರಕೃಷಿಯ ಹಿನ್ನೆಲೆ

ಚಂದ್ರಶೇಖರ ಕಂಬಾರರನ್ನು ಕುರಿತ ಅಧ್ಯಯನಗಳು ಕವಿ, ನಾಟಕಕಾರ, ಕಾದಂಬರಿಕಾರ ಮತ್ತು ಜಾನಪದ ವಿದ್ವಾಂಸ ಎಂಬ ನಾಲ್ಕು ನೆಲೆಗಳಲ್ಲಿ ವಿಪುಲವಾಗಿ ನಡೆದಿವೆ. ಅವರು ಚಲನಚಿತ್ರಗಳನ್ನು ನಿರ್ದೇಶಿಸಿದರು, ಅವುಗಳಿಗೆ ಸಂಗೀತವನ್ನೂ ಒದಗಿಸಿದರು, ಅವರ ಬರವಣಿಗೆ ಕಿರುತೆರೆಗೂ ಸಂದಿತು ಎಂಬ ಸಂಗತಿಗಳು ಮಾತ್ರ ಸಾಮಾನ್ಯವಾಗಿ ಕೃತಿಪಟ್ಟಿಯ ಕೊನೆಯಲ್ಲಿ ಒಂದೆರಡು ಸಾಲುಗಳಲ್ಲಿ ಮುಗಿದುಹೋಗುತ್ತವೆ. ಸಾಹಿತಿಯೊಬ್ಬ ಅನ್ಯಮಾಧ್ಯಮದಲ್ಲಿ ಕೈಗೊಂಡ ಸಣ್ಣ ವಿಹಾರವೆಂಬಂತೆ ಅದನ್ನು ಕಾಣುವ ರೂಢಿ ಬೆಳೆದುಬಂದಿದೆ. ಬೆಳಗಾವಿ ಜಿಲ್ಲೆಯ ಬಯಲಾಟ ಪರಂಪರೆಯನ್ನು, ಅದರಲ್ಲೂ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಕಥನಸಂಪತ್ತನ್ನು ಎದುರಿಗಿಟ್ಟುಕೊಂಡು ನೋಡಿದಾಗ ಈ ಗ್ರಹಿಕೆ ನಿಲ್ಲುವುದಿಲ್ಲ. ಸಂಗ್ರಹ, ರಂಗಪ್ರಯೋಗ ಮತ್ತು ಚಿತ್ರ ನಿರ್ದೇಶನಗಳು ಕಂಬಾರರಲ್ಲಿ ಒಂದೇ ಕಾರ್ಯದ ಮೂರು ಹಂತಗಳು. ಹಾಗಿದ್ದೂ ಈ ಸೀಮೆಯ ಅತ್ಯಂತ ಪ್ರಸಿದ್ಧ ಕಥೆಗಳನ್ನು ಅವರು ತಮ್ಮ ಕ್ಯಾಮೆರಾಕ್ಕೆ ವಸ್ತುವಾಗಿ ಆರಿಸಿಕೊಳ್ಳಲಿಲ್ಲ. ಈ ಆಯ್ಕೆಯ ಅರ್ಥವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸೀಮೆ ಮತ್ತು ಅದರ ಕಥನಗಳು

ಮಲಪ್ರಭೆಯ ಆಸುಪಾಸಿನ ಈ ನಾಲ್ಕು ಪ್ರದೇಶಗಳು ಚರಿತ್ರೆಯನ್ನು ಹಾಡಾಗಿ ಉಳಿಸಿಕೊಂಡು ಬಂದ ನೆಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಹತನಾದದ್ದು, ಬಳಿಕ ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರವರಿಯಲ್ಲಿ ತೀರಿಕೊಂಡದ್ದು, ಸಂಗೊಳ್ಳಿ ರಾಯಣ್ಣ 1831ರಲ್ಲಿ ನಂದಗಡದಲ್ಲಿ ನೇಣಿಗೇರಿದ್ದು, ಇವೆಲ್ಲ ಅಚ್ಚಿನ ಪುಸ್ತಕಗಳಿಗಿಂತ ಮೊದಲೇ ಲಾವಣಿ, ಗೀಗೀ ಪದಗಳ ಮೂಲಕ ಜನರಿಗೆ ತಲುಪಿದ ಸಂಗತಿಗಳು. ಸವದತ್ತಿಯ ಎಲ್ಲಮ್ಮನ ಗುಡ್ಡ ಚೌಡಿಕೆಯ ಹಾಡುಗಾರಿಕೆಗೆ ನೆಲೆಯಾಯಿತು. ಅದೇ ತಾಲ್ಲೂಕಿನ ಶಿರಸಂಗಿ ದೇಸಗತಿಯ ಕೇಂದ್ರವಾಗಿತ್ತು. ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿದ್ದು, 1939ರ ಪ್ರಜಾ ಹೋರಾಟದ ಕಾವನ್ನು ಕಂಡು, 1948ರಲ್ಲಿ ಮುಂಬಯಿ ಪ್ರಾಂತಕ್ಕೆ ವಿಲೀನವಾಯಿತು. 1956ರ ನವೆಂಬರ್ 1ರಂದು ಏಕೀಕರಣವಾಗುವವರೆಗೆ ಇಡೀ ಜಿಲ್ಲೆ ಮುಂಬಯಿಯ ಆಡಳಿತದಲ್ಲಿತ್ತು. ಆಡಳಿತ ಮುಂಬಯಿಯದು, ಮನರಂಜನೆಯಲ್ಲಿ ಮರಾಠಿ ತಮಾಷಾದ ನೆರಳು, ಕನ್ನಡ ಚಲನಚಿತ್ರಗಳು ಸಿದ್ಧವಾಗುತ್ತಿದ್ದದ್ದು ಬಹುಮಟ್ಟಿಗೆ ಮದ್ರಾಸಿನಲ್ಲಿ. ಈ ಮೂರರ ನಡುವೆ ಇಲ್ಲಿನ ಜನ ತಮ್ಮದೇ ಮಾತನ್ನು ಕೇಳಬಹುದಾಗಿದ್ದ ಸ್ಥಳ ಬಯಲಾಟದ ಅಟ್ಟವೊಂದೇ ಆಗಿತ್ತು.

ಆ ಅಟ್ಟದ ಮೇಲೆ ಹುಟ್ಟಿದ ರೂಪಗಳಲ್ಲಿ ಸಣ್ಣಾಟಕ್ಕೆ ವಿಶಿಷ್ಟ ಸ್ಥಾನವಿದೆ. ದೊಡ್ಡಾಟದ ಕಿರೀಟ, ಭುಜಕೀರ್ತಿ, ಪೌರಾಣಿಕ ವಸ್ತು ಇಲ್ಲಿಲ್ಲ. ಪಾತ್ರಗಳು ದಿನನಿತ್ಯದ ಉಡುಪಿನಲ್ಲಿಯೇ ಬರುತ್ತವೆ. ಹಾಡಿನ ಎಳೆಯನ್ನು ಹಿಮ್ಮೇಳ ಎತ್ತಿ ಹಿಡಿಯುತ್ತದೆ. ಹಾಡುಗಳ ನಡುವಿನ ಮಾತು ಆಯಾ ರಾತ್ರಿಯ ಕಲಾವಿದನ ಸ್ಫೂರ್ತಿಗೆ ಬಿಟ್ಟದ್ದು. ಗಣಸ್ತುತಿಯಿಂದ ತೊಡಗಿ ಬೆಳಗಿನ ಮಂಗಳದವರೆಗೆ ಆಟ ನಡೆಯುತ್ತದೆ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಇದೇ ಜಿಲ್ಲೆಯ ಕೊಡುಗೆ. ಅದರಲ್ಲಿ ಕೌಜಲಗಿ ನಿಂಗಮ್ಮ ಪಡೆದ ಖ್ಯಾತಿ ಹೆಣ್ಣು ಪಾತ್ರಗಳಿಗೆ ಹೆಣ್ಣೇ ಬಂದ ಬದಲಾವಣೆಯ ಮಹತ್ತ್ವದ ಘಟ್ಟ.

ಸಾಮಾಜಿಕ ಸಣ್ಣಾಟಗಳಲ್ಲಿ ಬೈಲಹೊಂಗಲದ 'ಸಂಗ್ಯಾ ಬಾಳ್ಯಾ' ಅಗ್ರಗಣ್ಯವಾದುದು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರಿನಲ್ಲಿಯೇ ನಡೆದ ಕೊಲೆಯೊಂದು ಅದರ ವಸ್ತು. ಪರಂಪರೆ ಅದನ್ನು ಪತ್ತಾರ ಮಾಸ್ತರರ ಹೆಸರಿನೊಂದಿಗೆ ಗುರುತಿಸುತ್ತದೆ. ಸಂಗ್ಯಾನಿಗೆ ವ್ಯಾಪಾರಿ ಈರ್ಯಾನ ಹೆಂಡತಿ ಗಂಗಿಯ ಮೇಲೆ ಹುಟ್ಟುವ ಮೋಹ, ಜೀವದ ಗೆಳೆಯನಾದ ಬಾಳ್ಯಾನ ದ್ರೋಹ, ಕೊನೆಯಲ್ಲಿ ಸಂಗ್ಯಾನ ಕೊಲೆ, ಇಷ್ಟೇ ಕಥೆ. ಆದರೆ ತಪ್ಪು ಯಾರದು ಎಂಬ ಪ್ರಶ್ನೆಯನ್ನು ಆಟ ತಾನಾಗಿ ಇತ್ಯರ್ಥಪಡಿಸುವುದಿಲ್ಲ. ಅದು ಪ್ರತಿ ಊರಿನಲ್ಲಿ, ಪ್ರತಿ ರಾತ್ರಿ, ನೆರೆದ ಜನರ ಮುಂದೆ ಮತ್ತೆ ವಿಚಾರಣೆಗೆ ಬರುತ್ತದೆ. ನ್ಯಾಯಾಲಯದಲ್ಲಿ ಮುಗಿಯಬಹುದಾದ ಮೊಕದ್ದಮೆ ಬಯಲಿನಲ್ಲಿ ಮುಗಿಯದೆ ಉಳಿಯುವುದೇ ಈ ಆಟದ ದೀರ್ಘಾಯುಷ್ಯದ ಗುಟ್ಟು.

ಸಂಗ್ರಾಹಕ ಮತ್ತು ನಾಟಕಕಾರ

ಕಂಬಾರರು 1937ರ ಜನವರಿ 2ರಂದು ಜನಿಸಿದ್ದು ಇದೇ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ. ಅದು ಘಟಪ್ರಭೆಯ ಕಡೆಯ ಊರು. ಮಲಪ್ರಭೆಯ ಕಡೆಯ ತಾಲ್ಲೂಕುಗಳಿಗೂ ಅದಕ್ಕೂ ನಡುವೆ ಅಂತರವಿದ್ದರೂ ಆಟಗಳ ಭೂಪಟದಲ್ಲಿ ಎರಡೂ ಒಂದೇ ಪ್ರಾಂತ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಸ್ನಾತಕೋತ್ತರ ಪದವಿ ಪಡೆದ ಅವರು ಉತ್ತರ ಕರ್ನಾಟಕದ ಜಾನಪದ ರಂಗಭೂಮಿಯನ್ನೇ ಸಂಶೋಧನೆಯ ವಿಷಯವಾಗಿಸಿಕೊಂಡರು. ಇದೇ ಅವಧಿಯ 'ಹೇಳತೇನ ಕೇಳ' (1964) ಬೆಳಗಾವಿಯ ಆಡುಮಾತಿನ ಲಯವನ್ನು ಶಿಷ್ಟಕಾವ್ಯದೊಳಗೆ ನಿಸ್ಸಂಕೋಚವಾಗಿ ತಂದ ಕೃತಿ. ಅದಾದ ಎರಡು ವರ್ಷಗಳಿಗೆ, 1966ರಲ್ಲಿ, 'ಸಂಗ್ಯಾ ಬಾಳ್ಯಾ' ಅವರ ಸಂಪಾದನೆಯಲ್ಲಿ ಪ್ರಕಟವಾಯಿತು. ಬೈಲಹೊಂಗಲದ ಆಟ ವಿದ್ವತ್ತಿನ ಕಕ್ಷೆಗೆ ಬಂದ ಮಾರ್ಗಗಳಲ್ಲಿ ಇದು ಮುಖ್ಯವಾದುದು. ಮುಂದೆ 'ಬಯಲಾಟಗಳು' (1973), 'ಉತ್ತರ ಕರ್ನಾಟಕದ ಜಾನಪದ ರಂಗಭೂಮಿ' (1980), ಎರಡು ಸಂಪುಟಗಳ 'ಕನ್ನಡ ಜಾನಪದ ವಿಶ್ವಕೋಶ' (1985) ಈ ಸಾಲಿಗೆ ಸೇರಿದವು.

ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಬೋಧಿಸಿ ಹಿಂದಿರುಗಿ, ಎಪ್ಪತ್ತರ ದಶಕದ ಆರಂಭದಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ಸೇರಿದ ನಂತರ ಅವರ ರಂಗಕೃತಿಗಳಿಗೆ ನಗರದ ವೇದಿಕೆ ದೊರೆಯಿತು. 1972ರ 'ಜೋಕುಮಾರಸ್ವಾಮಿ' ಬಿ.ವಿ. ಕಾರಂತರ ನಿರ್ದೇಶನದಲ್ಲಿ ಆಧುನಿಕ ಕನ್ನಡ ರಂಗಭೂಮಿಯ ದಿಕ್ಕನ್ನೇ ಬದಲಿಸಿತು. ಭಾದ್ರಪದದಲ್ಲಿ ಮನೆಮನೆಗೆ ಬರುವ ಜೋಕುಮಾರನ ಆಚರಣೆಯನ್ನು ಅವರು ಭೂಮಿಯ ಒಡೆತನದ ಪ್ರಶ್ನೆಯೊಂದಿಗೆ ಹೆಣೆದರು. ಸಣ್ಣಾಟದ ಹಾಡು, ಹಾಸ್ಯ, ಹಿಮ್ಮೇಳಗಳು ಅಲ್ಲಿ ಅಲಂಕಾರವಾಗಿರದೆ ನಾಟಕದ ಬೆನ್ನೆಲುಬಾದವು. 1974ರಲ್ಲಿ 'ಕಿತ್ತೂರ ಕಥೆ', 1975ರಲ್ಲಿ 'ಜೈಸಿದನಾಯಕ' ಹೊರಬಂದವು. ಕಿತ್ತೂರಿನ ಚರಿತ್ರೆಯನ್ನು ಅವರು ರಂಗಕ್ಕೆ ತಂದಿದ್ದರೆಂಬುದನ್ನು ಇಲ್ಲಿ ವಿಶೇಷವಾಗಿ ನೆನಪಿನಲ್ಲಿಡಬೇಕು.

ಕ್ಯಾಮೆರಾದ ಹಿಂದೆ

1970ರ 'ಸಂಸ್ಕಾರ', 1971ರ 'ವಂಶವೃಕ್ಷ', 1975ರ 'ಚೋಮನ ದುಡಿ' ಚಿತ್ರಗಳಿಂದ ಕನ್ನಡದಲ್ಲಿ ಹೊಸ ಅಲೆಯ ಚಿತ್ರಗಳು ನೆಲೆಗೊಂಡವು. ಸಾಹಿತ್ಯ ಕೃತಿಯೊಂದನ್ನು ಆಧರಿಸಿ, ತಾರೆಯರ ಆಶ್ರಯವಿಲ್ಲದೆ, ಅಲ್ಪವೆಚ್ಚದಲ್ಲಿ ಚಿತ್ರ ನಿರ್ಮಿಸುವ ಸಾಧ್ಯತೆ ತೆರೆಯಿತು. ಆದರೆ ಈ ಅಲೆಗೆ ವಸ್ತುವೊದಗಿಸಿದ ಕಾದಂಬರಿಗಳು ಬಹುಮಟ್ಟಿಗೆ ಮಲೆನಾಡು, ಕರಾವಳಿ ಮತ್ತು ಹಳೆಯ ಮೈಸೂರಿನ ಲೋಕಕ್ಕೆ ಸೇರಿದವು. ಬೆಳಗಾವಿ ಸೀಮೆಯ ಮಾತು ಅದುವರೆಗೂ ತೆರೆಯ ಮೇಲೆ ಹೆಚ್ಚಾಗಿ ನಗೆಯುಕ್ಕಿಸುವ ಪಾತ್ರಗಳಿಗೆ ಮೀಸಲಾಗಿತ್ತು. ಕಂಬಾರರು ತಮ್ಮದೇ ಕೃತಿಗಳನ್ನು ಆಧರಿಸಿ 'ಕರಿಮಾಯಿ', 'ಕಾಡು ಕುದುರೆ', 'ಸಂಗೀತಾ' ಚಿತ್ರಗಳನ್ನು ನಿರ್ದೇಶಿಸಿದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಇಲ್ಲಿ ಆ ಮಾತು ಪ್ರೇಮ, ಭಯ, ಭಕ್ತಿ, ಸಾವುಗಳನ್ನು ಹೊರುವ ಮಾತಾಯಿತು.

'ಕರಿಮಾಯಿ' (ಕಾದಂಬರಿ 1975) ಶಿವಾಪುರವೆಂಬ ಕಲ್ಪಿತ ಗ್ರಾಮದ ದೇವಿಯ ಸುತ್ತ ಬೆಳೆಯುವ ಕಥೆ. ಸಮುದಾಯವನ್ನು ಹಿಡಿದಿಟ್ಟ ನಂಬಿಕೆಗೂ ಹೊರಗಿನಿಂದ ಬಂದ ವಿದ್ಯೆ ಮತ್ತು ಅಧಿಕಾರಗಳಿಗೂ ನಡೆಯುವ ಘರ್ಷಣೆ ಅದರ ತಿರುಳು. 'ಕಾಡು ಕುದುರೆ'ಯಲ್ಲಿ ಹಾಡೇ ಕಥನದ ಚಾಲಕಶಕ್ತಿ. ಅದರ ಶೀರ್ಷಿಕೆ ಗೀತೆಯನ್ನು ಹಾಡಿದ ಶಿವಮೊಗ್ಗ ಸುಬ್ಬಣ್ಣನವರಿಗೆ 1978ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ದೊರೆಯಿತು. ಕನ್ನಡದ ಹಾಡಿಗಾಗಿ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಚಿತ್ರರಂಗದ ಸಿದ್ಧ ರಾಗಸರಣಿಯನ್ನು ಬಿಟ್ಟು ಬಯಲಿನ ಏರುದನಿಯನ್ನು ಆಶ್ರಯಿಸಿದ ಗೀತೆಗೆ ಈ ಮನ್ನಣೆ ಸಂದದ್ದು, ಸಣ್ಣಾಟದ ಹಿಮ್ಮೇಳ ಧ್ವನಿಪಥದಲ್ಲಿ ಮರುಹುಟ್ಟು ಪಡೆಯಬಲ್ಲುದೆಂಬುದಕ್ಕೆ ಸಾಕ್ಷಿ.

ಕಿರುತೆರೆಯ ಸಂದರ್ಭ ಇದಕ್ಕಿಂತ ಭಿನ್ನ. 1975-76ರ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ರಾಜ್ಯದಿಂದ ವಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ಬೆಳಗಾವಿ ಜಿಲ್ಲೆ ಅದರ ಹೊರಗುಳಿಯಿತು. 1981ರಲ್ಲಿ ಬೆಂಗಳೂರು ದೂರದರ್ಶನ ಕೇಂದ್ರ ಆರಂಭವಾದ ಮೇಲೆ ಕನ್ನಡದ ಲೇಖಕರಿಗೆ ಹೊಸ ಮಾಧ್ಯಮವೊಂದು ತೆರೆದುಕೊಂಡಿತು. ಕಂಬಾರರ 'ಜಿ.ಕೆ. ಮಾಸ್ತರರ ಪ್ರಣಯ ಪ್ರಸಂಗ' ಹೀಗೆ ಕಿರುತೆರೆಗೆ ಬಂದ ಕೃತಿ. ಹಳ್ಳಿಯ ಮಾಸ್ತರನ ಪ್ರಣಯವನ್ನು ಲಘುಹಾಸ್ಯದಲ್ಲಿ ನಿರೂಪಿಸುವ ಈ ವಸ್ತು ಮನೆಯ ಪಡಸಾಲೆಯ ಪ್ರೇಕ್ಷಕರಿಗೆ ಒಗ್ಗುವಂಥದು. ರಾತ್ರಿಯಿಡೀ ಹಬ್ಬುವ ಆಟದ ಕಾಲಕ್ಕೂ ಗಡಿಯಾರಕ್ಕೆ ಕಟ್ಟುಬಿದ್ದ ಪ್ರಸಾರದ ಕಾಲಕ್ಕೂ ಇರುವ ದೂರ ಮಾತ್ರ ಈ ಮಾಧ್ಯಮದಲ್ಲಿ ಇನ್ನಷ್ಟು ಸ್ಪಷ್ಟವಾಯಿತು.

ಆರಿಸದೆ ಬಿಟ್ಟ ಕಥೆಗಳು

ಈಗ ಮೊದಲಿನ ಪ್ರಶ್ನೆಗೆ ಮರಳಬಹುದು. ಕಿತ್ತೂರಿನ ಚರಿತ್ರೆಯನ್ನು ಬೆಳ್ಳಿತೆರೆಗೆ ತಂದವರು ಬಿ.ಆರ್. ಪಂತುಲು. ಮದ್ರಾಸನ್ನು ನೆಲೆಯಾಗಿಸಿಕೊಂಡಿದ್ದ ಅವರ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ 'ಕಿತ್ತೂರು ಚೆನ್ನಮ್ಮ' 1961ರಲ್ಲಿ ತೆರೆಕಂಡಿತು. ಬಿ. ಸರೋಜಾದೇವಿಯವರ ಅಭಿನಯದ ಮೂಲಕ ಹೊಸದಾಗಿ ಏಕೀಕರಣಗೊಂಡ ನಾಡಿಗೆಲ್ಲ ಚೆನ್ನಮ್ಮನ ಚಿತ್ರ ಪರಿಚಿತವಾಯಿತೆಂಬುದು ಆ ಚಿತ್ರದ ನಿರ್ವಿವಾದ ಸಾಧನೆ. 'ಸಂಗ್ಯಾ ಬಾಳ್ಯಾ' ಚಿತ್ರವನ್ನು ನಿರ್ದೇಶಿಸಿದವರು ರಂಗಭೂಮಿಯ ಹಿನ್ನೆಲೆಯ ಸುಂದರಕೃಷ್ಣ ಅರಸ್. ಅದು 1992ರಲ್ಲಿ ಬಂತು. ರಾಯಣ್ಣನ ಕಥೆ 2012ರಲ್ಲಿ ನಾಗಣ್ಣ ಅವರ ನಿರ್ದೇಶನದಲ್ಲಿ ದೊಡ್ಡ ಪ್ರಮಾಣದ ವಾಣಿಜ್ಯ ಚಿತ್ರವಾಯಿತು. 'ಸಂಗ್ಯಾ ಬಾಳ್ಯಾ'ವನ್ನು ಸಂಪಾದಿಸಿದ, 'ಕಿತ್ತೂರ ಕಥೆ'ಯನ್ನು ಬರೆದ ಕಂಬಾರರು, ಕ್ಯಾಮೆರಾ ತಮ್ಮ ಕೈಯಲ್ಲಿದ್ದಾಗ, ಈ ಎರಡನ್ನೂ ಬಿಟ್ಟು ಕಲ್ಪಿತ ಶಿವಾಪುರದತ್ತ ಹೊರಳಿದರು.

ಇದನ್ನು ಆಕಸ್ಮಿಕವೆನ್ನಲಾಗದು. ಚಲನಚಿತ್ರಕ್ಕೆ ಒಂದೇ ಆವೃತ್ತಿ. ಅದು ಒಮ್ಮೆ ಮುದ್ರಿತವಾದರೆ ಗಂಗಿಯ ಮುಖ ಒಂದೇ, ಬಾಳ್ಯಾನ ಉದ್ದೇಶ ಒಂದೇ, ತೀರ್ಪೂ ಒಂದೇ. ಆಟದಲ್ಲಿ ಹಾಗಲ್ಲ. ಗಂಗಿಯ ಪಾತ್ರಧಾರಿ ಒಂದು ಊರಿನಲ್ಲಿ ಅವಳನ್ನು ಅಪರಾಧಿಯಾಗಿ, ಇನ್ನೊಂದು ಊರಿನಲ್ಲಿ ಒಂಟಿತನದಿಂದ ನೊಂದವಳಾಗಿ ಕಾಣಿಸಲು ಅವಕಾಶವಿದೆ. ಬಯಲಿನಲ್ಲಿ ಜೀವಂತವಾಗಿರುವ ಚರ್ಚೆಯನ್ನು ಚಿತ್ರ ಮುಗಿಸಿಬಿಡುವ ಅಪಾಯವಿದೆ. ಶಿವಾಪುರಕ್ಕೆ ಇಂಥ ಹಂಗಿಲ್ಲ. ಅಲ್ಲಿ ಸಣ್ಣಾಟದ ವಿಧಾನವನ್ನು ಉಳಿಸಿಕೊಂಡು ವಸ್ತುವನ್ನು ಹೊಸದಾಗಿ ಕಟ್ಟಬಹುದು. ಕಂಬಾರರು ಈ ಕಾರಣವನ್ನೇ ಮುಂದಿಟ್ಟು ಆಯ್ಕೆ ಮಾಡಿದರೆಂದು ಹೇಳುವುದು ಇಲ್ಲಿನ ಉದ್ದೇಶವಲ್ಲ. ಅವರ ಕೃತಿಗಳ ಸಾಲು ಈ ನಿರ್ಣಯದತ್ತ ಬೆರಳು ತೋರುತ್ತದೆ. ಸೀಮೆಯ ಕಥೆಯನ್ನು ಎತ್ತಿಕೊಂಡ ನಿರ್ದೇಶಕರು ಅದರ ಘಟನೆಗಳನ್ನು ತೆರೆಗೆ ತಂದರು. ಸೀಮೆಯಲ್ಲಿ ಹುಟ್ಟಿದ ನಿರ್ದೇಶಕ ಅದರ ಹೇಳುವ ಬಗೆಯನ್ನು ತೆರೆಗೆ ತಂದ.

ಕಂಬಾರರ ಕೃತಿಗಳೂ ಮುಂದೆ ಬೇರೆ ನಿರ್ದೇಶಕರ ಕೈಗೆ ಹೋದವು. 'ಹರಕೆಯ ಕುರಿ' ನಾಟಕವನ್ನು ಆಧರಿಸಿದ ಕೆ.ಎಸ್.ಎಲ್. ಸ್ವಾಮಿ ಅವರ ಚಿತ್ರ 1992ನೇ ಸಾಲಿನ, 'ಸಿಂಗಾರೆವ್ವ ಮತ್ತು ಅರಮನೆ' ಕಾದಂಬರಿಯನ್ನು ಆಧರಿಸಿದ ಟಿ.ಎಸ್. ನಾಗಾಭರಣರ ಚಿತ್ರ 2002ನೇ ಸಾಲಿನ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಮನ್ನಣೆ ಪಡೆದವು. ಎರಡನೆಯದರಲ್ಲಿ ಕುಸಿಯುತ್ತಿರುವ ದೇಸಗತಿಯ ವಾಡೆ, ಅದರೊಳಗೆ ಸಿಲುಕಿದ ಹೆಣ್ಣು, ಶಿರಸಂಗಿ, ಕಿತ್ತೂರುಗಳ ವಾಡೆಗಳನ್ನು ಕಂಡವರಿಗೆ ಅಪರಿಚಿತವಲ್ಲದ ಲೋಕ. ಹಾಡಿಗಿಂತ ದೃಶ್ಯಕ್ಕೆ, ಹಿಮ್ಮೇಳಕ್ಕಿಂತ ಮೌನಕ್ಕೆ ಅಲ್ಲಿ ಒತ್ತು ಬಿದ್ದಿದೆ. ನಗರದ ಪ್ರೇಕ್ಷಕರಿಗೆ ಇದು ಸಹಜವಾಗಿ ಕಂಡೀತು. ಬಯಲಾಟದ ಕಿವಿಗೆ ಏನೋ ಕೊರತೆಯೆನಿಸೀತು.

ಉಳಿದದ್ದು, ಉಳಿಯಬೇಕಾದದ್ದು

1991ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದ ಬಳಿಕ ಕಂಬಾರರ ಶಕ್ತಿ ಬಹುಪಾಲು ಸಂಸ್ಥೆ ಕಟ್ಟುವುದಕ್ಕೆ ವಿನಿಯೋಗವಾಯಿತು. 2010ನೇ ಸಾಲಿನ ಜ್ಞಾನಪೀಠ ಪ್ರಶಸ್ತಿ, 2018ರಿಂದ 2023ರವರೆಗಿನ ಸಾಹಿತ್ಯ ಅಕಾದೆಮಿಯ ಅಧ್ಯಕ್ಷತೆ, 2021ರ ಪದ್ಮಭೂಷಣಗಳ ಪಟ್ಟಿಯಲ್ಲಿ ಚಿತ್ರ ನಿರ್ದೇಶಕನ ಹೆಸರು ಮತ್ತಷ್ಟು ಹಿಂದೆ ಸರಿಯಿತು. ಆದರೂ ಉತ್ತರ ಕರ್ನಾಟಕದ ಮಾತನ್ನು ಹಾಸ್ಯದ ಸರಕಿನಿಂದ ಬಿಡಿಸಿ ಗಂಭೀರ ಕಥನದ ಮಾತಾಗಿಸಿದ ಕೆಲಸದಲ್ಲಿ ಆ ಕೆಲವೇ ಚಿತ್ರಗಳ ಪಾಲು ದೊಡ್ಡದು.

ಈ ಅವಲೋಕನ ಸಂಶೋಧಕರ ಮುಂದೆ ಒಂದು ಹೊಣೆಯನ್ನು ಇಡುತ್ತದೆ. 1966ರ ಸಂಪಾದನೆ 'ಸಂಗ್ಯಾ ಬಾಳ್ಯಾ'ದ ಪಠ್ಯವನ್ನು ಉಳಿಸಿತು. 1992ರ ಚಿತ್ರ ಅದರ ಕಥೆಯನ್ನು ಉಳಿಸಿತು. ಹಾಡುಗಳ ನಡುವೆ ಆ ಕ್ಷಣಕ್ಕೆ ಹುಟ್ಟುವ ಮಾತು, ಅದಕ್ಕೆ ಬಯಲಿನಿಂದ ಬರುವ ಉತ್ತರ, ಬೆಳಗಿನ ಜಾವಕ್ಕೆ ಬದಲಾಗುವ ದನಿ, ಇವು ಪುಸ್ತಕದಲ್ಲಿಯೂ ಇಲ್ಲ, ಎರಡೂವರೆ ಗಂಟೆಯ ಚಿತ್ರದಲ್ಲಿಯೂ ಇಲ್ಲ. ಬೈಲಹೊಂಗಲ, ಸವದತ್ತಿ, ರಾಮದುರ್ಗ ಸೀಮೆಯ ಹಿರಿಯ ಆಟಗಾರರು ಇರುವಾಗಲೇ ಒಂದೇ ಆಟವನ್ನು ಬೇರೆ ಬೇರೆ ಊರುಗಳಲ್ಲಿ, ರಾತ್ರಿಯಿಂದ ಬೆಳಗಿನವರೆಗೆ, ಕತ್ತರಿಯಾಡಿಸದೆ ದಾಖಲಿಸುವುದು ಅಗತ್ಯ. ಕಲಾವಿದರ ಹೆಸರು, ಊರು, ಗುರುಪರಂಪರೆಗಳನ್ನೂ ಜೊತೆಗೇ ಬರೆದಿಡಬೇಕು. ಹಾಗೆ ಮಾಡಿದಾಗ ಕಂಬಾರರು ಆಟದಿಂದ ಏನನ್ನು ಪಡೆದರು, ಏನನ್ನು ಬಿಟ್ಟರು ಎಂಬುದನ್ನು ಮುಂದಿನ ಅಧ್ಯಯನಕಾರರು ಮೂಲವನ್ನೇ ಕಂಡು, ಕೇಳಿ ನಿರ್ಧರಿಸಬಲ್ಲರು.